ಮೊದಲು ಏಜೆಂಟ್ ಇಡಿಸಿ, ನಿಯಮ ಆಮೇಲೆ

ಬೆಂಗಳೂರಿನ ಒಂದು ಬೋರ್ಡ್ ಗೇಮ್ ಕೆಫೆಯಲ್ಲಿ ಬಂದವರಿಗೆ ಆಟ ಹೇಳಿಕೊಡುವುದು ನನ್ನ ಕೆಲಸ. ಲೂಡೋ, ಕೇರಂ ಬಿಟ್ಟು ಬೇರೇನೂ ಆಡದವರು "ಸ್ವಲ್ಪ ತಲೆ ಓಡಿಸೋ ಆಟ ಕೊಡಿ ಬ್ರೋ" ಅಂದರೆ ನಾನು ತೆಗೆಯುವುದು ಲಾರ್ಡ್ಸ್ ಆಫ್ ವಾಟರ್‌ಡೀಪ್ ಡಬ್ಬಿ. 2012ರ ಆಟ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಮಾಂತ್ರಿಕ ಕಥೆಯ ಆಟದ ಲೋಕದ ಒಂದು ನಗರದಲ್ಲಿ ನಡೆಯುತ್ತದೆ. ಆ ಲೋಕದ ಗಂಧಗಾಳಿ ಗೊತ್ತಿಲ್ಲದವರೂ ಆರಾಮಾಗಿ ಆಡಬಹುದು.

ನಿಯಮವೆಲ್ಲ ಮೊದಲೇ ಒಪ್ಪಿಸಿದರೆ ಅರ್ಧ ಜನ ಫೋನ್ ತೆಗೆಯುತ್ತಾರೆ. ಅದಕ್ಕೆ ನಾನು ಕೈಗೆ ಒಂದು ಏಜೆಂಟ್, ಅಂದರೆ ಆಟದ ಕಾಯಿ, ಕೊಟ್ಟು, "ಖಾಲಿ ಇರೋ ಜಾಗದಲ್ಲಿ ಇಡಿ" ಅನ್ನುತ್ತೇನೆ. ಫೀಲ್ಡ್ ಆಫ್ ಟ್ರಯಂಫ್‌ನಲ್ಲಿ ಇಟ್ಟರೆ ಎರಡು ಕಿತ್ತಳೆ ಕ್ಯೂಬ್, ಅಂದರೆ ಇಬ್ಬರು ಯೋಧರು. ಬ್ಲ್ಯಾಕ್‌ಸ್ಟಾಫ್ ಟವರ್‌ನಲ್ಲಿ ಒಂದೇ ಒಂದು ನೇರಳೆ ಕ್ಯೂಬ್, ಮಂತ್ರವಾದಿ. ಯಾವುದು ದುಬಾರಿ ಅಂತ ಬಾಯಿಬಿಟ್ಟು ಹೇಳಬೇಕಿಲ್ಲ. ಪಕ್ಕದವರು ಅದೇ ಜಾಗಕ್ಕೆ ಕೈ ಚಾಚಿ "ಅಯ್ಯೋ, ಹಿಡ್ಕೊಂಡ್ಬಿಟ್ಯಾ?" ಅಂದರೆ ವರ್ಕರ್ ಪ್ಲೇಸ್‌ಮೆಂಟ್ (ಕಾಯಿ ಇಟ್ಟು ಜಾಗ ಹಿಡಿಯುವ ಆಟದ ಬಗೆ) ಅರ್ಥವಾಯಿತು ಅಂತಲೇ ಲೆಕ್ಕ. ಬಸ್ ಸೀಟಿಗೆ ಟವೆಲ್ ಹಾಕಿ ಬೆಳೆದವರಿಗೆ ಇದೇನು ಹೊಸದಲ್ಲ, ಅಲ್ವಾ?

ನಾಲ್ಕು ಜನ ಆಡಿದರೆ ಶುರುವಿನಲ್ಲಿ ತಲಾ 2 ಏಜೆಂಟ್. 5ನೇ ಸುತ್ತಿಗೆ ಇನ್ನೊಂದು ಸಿಗುತ್ತದೆ. 8 ಸುತ್ತಿಗೆ ಆಟ ಮುಗಿಯುತ್ತದೆ. ಒಂದು ಸಲಕ್ಕೆ ಯೋಚಿಸಬೇಕಾದದ್ದು ಕಡಿಮೆ, ಹಾಗಾಗಿ ಹೊಸಬರು ಬೆದರುವುದಿಲ್ಲ. ಹೊಸ ಕಟ್ಟಡ ಕೊಳ್ಳುವುದು, ಬಂದರಿನಲ್ಲಿ ಇಟ್ಟ ಏಜೆಂಟನ್ನು ಸುತ್ತಿನ ಕೊನೆಗೆ ಮತ್ತೆ ಬಳಸುವುದು, ಇವೆಲ್ಲ ಯಾರಾದರೂ ಅಲ್ಲಿಗೆ ಕೈ ಹಾಕಿದಾಗ ಹೇಳಿದರೆ ಸಾಕು.

ಎರಡು ವಿಷಯ ಮಾತ್ರ ನಾನು ಮುಂದಕ್ಕೆ ಹಾಕುವುದಿಲ್ಲ. ಒಂದು, ಗುಟ್ಟಾಗಿ ಕೈಯಲ್ಲಿರುವ ಲಾರ್ಡ್ ಕಾರ್ಡ್. ಕ್ವೆಸ್ಟ್ ಅಂದರೆ ಕ್ಯೂಬ್ ಕೊಟ್ಟು ಮುಗಿಸಿ ಅಂಕ ಗಳಿಸುವ ಕಾರ್ಡ್. ಹೆಚ್ಚಿನ ಲಾರ್ಡ್‌ಗಳು ಎರಡು ಬಗೆಯ ಕ್ವೆಸ್ಟ್‌ಗೆ ಕೊನೆಯಲ್ಲಿ ತಲಾ 4 ಅಂಕ ಜಾಸ್ತಿ ಕೊಡುತ್ತಾರೆ. ಲೆಕ್ಕ ಹಾಕುವಾಗ ಇದನ್ನು ಹೇಳಿದರೆ "ಮೊದಲೇ ಹೇಳೋದಲ್ವಾ" ಅಂತ ಜಗಳ ಗ್ಯಾರಂಟಿ.

ಇನ್ನೊಂದು, ಬೇರೆಯವರು ನಿಮ್ಮ ತಲೆಗೆ ಕಟ್ಟುವ ಕಡ್ಡಾಯ ಕ್ವೆಸ್ಟ್. ಅದನ್ನು ಮುಗಿಸುವವರೆಗೆ ನಿಮ್ಮ ಬೇರೆ ಕ್ವೆಸ್ಟ್ ಮುಗಿಸುವಂತಿಲ್ಲ. ಆಫೀಸಿನ ಗೆಳೆಯರು ಇದಕ್ಕೆ ನಗುತ್ತಾರೆ. ಗಂಡ ಹೆಂಡತಿ ಮಾತ್ರ ಬಂದಿದ್ದರೆ ಕೇಳಬೇಡಿ! ಚಿಕ್ಕ ಮಕ್ಕಳಿರುವ ಟೇಬಲ್ಲಾದರೆ ನಾನು ಆ ಕಾರ್ಡುಗಳನ್ನು ತೆಗೆದಿಟ್ಟೇ ಆಟ ಕೊಡುತ್ತೇನೆ. ಸ್ವಲ್ಪ ಸಪ್ಪೆಯಾಗುತ್ತದೆ, ನಿಜ. ಆದರೆ ಯಾರೂ ಅರ್ಧಕ್ಕೆ ಮುನಿಸಿಕೊಂಡು ಏಳುವುದಿಲ್ಲ.