ಹರಕೆ ಫಲಿಸದ ಮೇಲೂ

ಹರಕೆ ಹೊರುವಾಗ ಎಲ್ಲರೂ ಬೇಡುವುದು ಒಂದೇ. ಈ ಒಂದು ಜೀವ ಉಳಿಸಿಕೊಡು ಸ್ವಾಮಿ, ಬಂದು ನಿನ್ನ ಸೇವೆ ಮಾಡುತ್ತೇನೆ. ಕೆಲವರಿಗೆ ಅದು ಫಲಿಸುತ್ತದೆ, ಕೆಲವರಿಗೆ ಇಲ್ಲ. ತಮ್ಮನಿಗಾಗಿ ನಾನು ಹೊತ್ತ ಹರಕೆ ಫಲಿಸಲಿಲ್ಲ. ಯಾರಿಗೂ ಕೆಟ್ಟದ್ದು ಬಯಸದ ಹುಡುಗ, ತುಂಬಾ ನೋವು ತಿಂದು ಹೋದ. ಆಮೇಲೂ ನಾನು ದೇವಸ್ಥಾನಕ್ಕೆ ಹೋದೆ, ಕೇಳುವುದಕ್ಕೆ. ನೀನು ಕರುಣಾಳು ಅಂತಾರೆ, ಎಲ್ಲವೂ ನಿನ್ನ ಕೈಯಲ್ಲಿದೆ ಅಂತಾರೆ. ಹಾಗಾದರೆ ಇದು ಯಾಕೆ?

ದೇವರನ್ನು ಹೀಗೆ ಕೇಳಬಾರದು ಎಂದರು ಕೆಲವರು. ನನಗೆ ದ್ರೌಪದಿ ನೆನಪಾದಳು. ಮಹಾಭಾರತದ ವನಪರ್ವದಲ್ಲಿ ಅವಳು ಧರ್ಮರಾಯನಿಗೆ ನೇರವಾಗಿ ಹೇಳುತ್ತಾಳೆ: ಧರ್ಮ ಬಿಡದ ನೀನು ಕಾಡಿನಲ್ಲಿದ್ದೀಯ, ದುರ್ಯೋಧನ ಸಿರಿಯಲ್ಲಿದ್ದಾನೆ. ಮಗು ಆಟಿಕೆಯ ಜೊತೆ ಆಡುವ ಹಾಗೆ ದೇವರು ನಮ್ಮ ಜೊತೆ ಆಡುತ್ತಾನೆ, ನಾನು ಅವನನ್ನೇ ದೂರುತ್ತೇನೆ. ಇದು ನಾಸ್ತಿಕರ ಮಾತು ಎನ್ನುತ್ತಾನೆ ಧರ್ಮರಾಯ. ಫಲಕ್ಕಾಗಿ ಧರ್ಮ ಮಾಡುವವನು ವ್ಯಾಪಾರಿ ಎಂದೂ ಸೇರಿಸುತ್ತಾನೆ. ದೊಡ್ಡ ಮಾತೇ. ಆದರೆ ಸಾಯುತ್ತಿರುವ ಮಗುವಿಗಾಗಿ ತಾಯಿ ಹೊರುವ ಹರಕೆಯನ್ನು ವ್ಯಾಪಾರ ಎನ್ನಲು ನನಗೆ ಬಾಯಿ ಬರುವುದಿಲ್ಲ. ನನಗೆ ಹತ್ತಿರವಾಗುವುದು ದ್ರೌಪದಿ ಆಮೇಲೆ ಕೊಡುವ ಉತ್ತರ: ನಾನು ಧರ್ಮವನ್ನು ಹಳಿಯುತ್ತಿಲ್ಲ, ನೊಂದಿದ್ದೇನೆ, ಅದಕ್ಕೇ ಹೀಗೆ ಮಾತಾಡುತ್ತಿದ್ದೇನೆ.

ಶಾಸ್ತ್ರ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. ಒಬ್ಬರಿಗೆ ಸುಖ, ಒಬ್ಬರಿಗೆ ದುಃಖ ಕೊಡುವ ದೇವರು ಪಕ್ಷಪಾತಿ ಅಲ್ವಾ, ಕ್ರೂರಿ ಅಲ್ವಾ? ವೇದಾಂತದ ಮೂಲಗ್ರಂಥಗಳಲ್ಲೊಂದಾದ ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಅಲ್ಲ, ಅವನು ಅವರವರ ಕರ್ಮ ನೋಡಿ ಕೊಡುತ್ತಾನೆ. ಮೊಟ್ಟಮೊದಲು ಕರ್ಮ ಎಲ್ಲಿತ್ತು ಎಂದರೆ, ಹುಟ್ಟು ಸಾವಿನ ಈ ಸಂಸಾರಕ್ಕೆ ಆರಂಭ ಎಂಬುದೇ ಇಲ್ಲ. ವಾದ ಗಟ್ಟಿಯಾಗಿದೆ. ಆದರೆ ಅದು ದೇವರ ಮೇಲಿನ ದೂರಿಗೆ ಕೊಟ್ಟ ಉತ್ತರ. ಅದನ್ನು ಎತ್ತಿಕೊಂಡು ಹೋಗಿ ಮಗನನ್ನು ಕಳೆದುಕೊಂಡವಳ ಮುಂದೆ 'ಎಲ್ಲಾ ನಿಮ್ಮ ಕರ್ಮ' ಎನ್ನಬಾರದು. ನಮ್ಮಮ್ಮನಿಗೆ ಹಾಗೆ ಹೇಳಿದವರಿದ್ದರು. ಅಮ್ಮ ಆ ಮಾತನ್ನು ಇವತ್ತಿಗೂ ಮರೆತಿಲ್ಲ. ಯಾರ ಕರ್ಮ ಏನೆಂದು ನೋಡಿ ಬಂದವರು ನಮ್ಮಲ್ಲಿ ಯಾರಿದ್ದಾರೆ?

ಭಾಗವತದಲ್ಲಿ ಕುಂತಿ ಕೃಷ್ಣನ ಬಳಿ ಕಷ್ಟಗಳನ್ನೇ ಬೇಡುತ್ತಾಳೆ, ಕಷ್ಟ ಬಂದಾಗ ನಿನ್ನ ದರ್ಶನವಾಗುತ್ತದೆ ಎಂದು. ಓದಿದಾಗಲೆಲ್ಲ ಕೈ ಮುಗಿಯುತ್ತೇನೆ, ಆದರೆ ನನ್ನಿಂದ ಹಾಗೆ ಬೇಡಲು ಆಗುವುದಿಲ್ಲ. ನನಗೆ ಕಷ್ಟ ಬೇಡ, ತಮ್ಮ ಬೇಕಿತ್ತು. ಗರ್ಭಗುಡಿಯ ಮುಂದೆ ನಿಂತು ಅದನ್ನೇ ಹೇಳುತ್ತೇನೆ. ಸಿಟ್ಟು ಬಂದ ದಿನ ಸಿಟ್ಟಿನಲ್ಲೇ ಹೇಳುತ್ತೇನೆ. ಅವನಿಗಲ್ಲದೆ ಇನ್ಯಾರಿಗೆ ಹೇಳಲಿ?