ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಸೈಕಲ್: ಬ್ಯಾಟರಿಗೆ ಎಷ್ಟು, ಸೈಕಲ್ಲಿಗೆ ಎಷ್ಟು?

ಹಳೆಯ ಎಲೆಕ್ಟ್ರಿಕ್ ಸೈಕಲ್ ಮಾರುವವರು ಮೊದಲು ತೋರಿಸುವುದು ಫಳಫಳ ಹೊಳೆಯುವ ಬಣ್ಣವನ್ನು, ಆಮೇಲೆ ಡಿಸ್‌ಪ್ಲೇ ಮೇಲಿನ ಐದಕ್ಕೆ ಐದು ಬ್ಯಾಟರಿ ಗೆರೆಗಳನ್ನು. ಎರಡನ್ನೂ ನಂಬಿ ದುಡ್ಡು ಎಣಿಸುವಂತಿಲ್ಲ. ಆ ಗೆರೆಗಳು ಈ ಕ್ಷಣದ ವೋಲ್ಟೇಜ್ ಹೇಳುತ್ತವೆಯೇ ಹೊರತು ಬ್ಯಾಟರಿಯಲ್ಲಿ ಎಷ್ಟು ಕಸುವು ಉಳಿದಿದೆ ಎಂದು ಹೇಳುವುದಿಲ್ಲ. ತುಂಬಿದ ಕೊಡವೂ ತುಂಬಿದ್ದೇ, ತುಂಬಿದ ಚೊಂಬೂ ತುಂಬಿದ್ದೇ.

ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಸೈಕಲ್ ನೋಡಲು ಹೊರಡುವ ಮೊದಲೇ ಒಂದು ವಿಚಾರಣೆ ಮುಗಿಸಿಕೊಳ್ಳಿ: ಆ ಮಾದರಿಗೆ ಹೊಸ ಬ್ಯಾಟರಿ ಈಗಲೂ ಸಿಗುತ್ತದೆಯೇ, ಸಿಕ್ಕರೆ ಎಷ್ಟಕ್ಕೆ? ಇಡೀ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಅತಿ ದುಬಾರಿ ಬಿಡಿಭಾಗ ಅದೇ. ಬ್ಯಾಟರಿ ಚೆನ್ನಾಗಿದೆ ಎಂದು ನಿಮ್ಮ ಕಣ್ಣೆದುರು ಸಾಬೀತಾಗದಿದ್ದರೆ, ಬ್ಯಾಟರಿಯೇ ಇಲ್ಲ ಎಂದು ಭಾವಿಸಿ ಉಳಿದದ್ದಕ್ಕೆ ಬೆಲೆ ಕಟ್ಟಿ. ಮಾರುವವರಿಗೆ ಬೇಸರವಾಗಬಹುದು, ಆಗಲಿ.

ಬಾಷ್, ಶಿಮಾನೊ, ಯಮಹಾದಂಥ ಕಂಪನಿಗಳ, ಪೆಡಲ್ ಬುಡದಲ್ಲೇ ಕೂರುವ ಮಿಡ್‌ಡ್ರೈವ್ ಮೋಟಾರುಗಳು ಓಡಿಸಲು ಬಹಳ ಸೊಗಸು. ಆದರೆ ಅವುಗಳ ಬ್ಯಾಟರಿ ಮತ್ತು ಮೋಟಾರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಬೇರೆಯವರ ಬ್ಯಾಟರಿ ಸಿಕ್ಕಿಸಿದರೆ ಒಪ್ಪುವುದಿಲ್ಲ. ಚಕ್ರದ ಒಳಗೇ ಮೋಟಾರು ಇರುವ ಸಾಧಾರಣ ಹಬ್ ಮೋಟಾರ್ ಸೈಕಲ್ಲುಗಳಿಗೆ ಈ ಜಾತಿಕಟ್ಟು ಅಷ್ಟಾಗಿ ಇಲ್ಲ. ವೋಲ್ಟೇಜ್ ಹೊಂದಿ, ಕಂಟ್ರೋಲರ್ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಅಳೆದು ಕೊಡುವ ಪೆಟ್ಟಿಗೆ) ಎಳೆಯುವಷ್ಟು ಕರೆಂಟ್ ಕೊಡುವ ತಾಕತ್ತು ಇದ್ದರೆ ಬೇರೆ ತಯಾರಕರ ಪ್ಯಾಕ್ ಕೂಡ ನಡೆಯುತ್ತದೆ. ಕಂಟ್ರೋಲರ್ ಸುಟ್ಟರೂ ಹೆಚ್ಚಿನವಕ್ಕೆ ಬದಲಿ ಸಿಗುತ್ತದೆ. ಹಾಗಾಗಿ ಬಜೆಟ್ ಬಿಗಿಯಾಗಿರುವವರಿಗೆ ಹಬ್ ಮೋಟಾರೇ ಕ್ಷೇಮ. ಹತ್ತು ವರ್ಷ ಹಳೆಯ ದುಬಾರಿ ಮಿಡ್‌ಡ್ರೈವ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವುದು ಬೇಡ.

ಈಗ ಬ್ಯಾಟರಿ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಒಂದು ಜೊತೆಗಿರಲಿ. 36 ವೋಲ್ಟಿನ ಲಿಥಿಯಂ ಅಯಾನ್ ಪ್ಯಾಕ್ ಎಂದರೆ ಸಾಲಾಗಿ ಜೋಡಿಸಿದ 10 ಸೆಲ್ ಗುಂಪುಗಳು. ಒಂದೊಂದು ಗುಂಪು ಪೂರ್ತಿ ಚಾರ್ಜಾದಾಗ 4.2 ವೋಲ್ಟ್, ಹಾಗಾಗಿ ಇಡೀ ಪ್ಯಾಕ್ 42. 48 ವೋಲ್ಟಿನದರಲ್ಲಿ 13 ಗುಂಪು, ಪೂರ್ತಿ ಚಾರ್ಜಿಗೆ 54.6. ಚಾರ್ಜರಿನಲ್ಲಿ ಹಸಿರು ದೀಪ ಬಂದ ಮೇಲೆ ಪ್ಯಾಕ್ ಕಳಚಿ ಅಳೆಯಿರಿ. 42ರ ಹತ್ತಿರ ಇದ್ದರೆ ಸರಿ. ಹಸಿರು ಬಂದರೂ 40ರ ಆಸುಪಾಸಿನಲ್ಲೇ ನಿಂತಿದ್ದರೆ ಗುಂಪುಗಳು ಸಮವಾಗಿಲ್ಲ ಎಂಬ ಅನುಮಾನ ಬರಬೇಕು: ಒಂದು ಗುಂಪು ಬೇಗ ತುಂಬಿಬಿಟ್ಟಿದೆ, ಅದು ಮಿತಿ ಮೀರದಿರಲೆಂದು, ಸೆಲ್ಲುಗಳನ್ನು ಕಾಯುವ ಒಳಗಿನ ಬಿಎಂಎಸ್ ಸರ್ಕ್ಯೂಟ್ ಇಡೀ ಚಾರ್ಜಿಂಗನ್ನೇ ನಿಲ್ಲಿಸಿದೆ. ಚಾರ್ಜರೇ ಕಡಿಮೆ ವೋಲ್ಟ್ ಕೊಡುತ್ತಿರಲೂಬಹುದು, ಅದರ ಪಿನ್ನನ್ನೂ ಅಳೆದು ನೋಡಿ.

ಎರಡನೆಯದು ಏರಿನ ಪರೀಕ್ಷೆ. ಪೂರ್ತಿ ಚಾರ್ಜಿನಲ್ಲಿ, ಪೂರ್ತಿ ಅಸಿಸ್ಟಿನಲ್ಲಿ, ಒಂದು ಏರನ್ನು ಹತ್ತಿಸಿ. ಬಹಳಷ್ಟು ಡಿಸ್‌ಪ್ಲೇಗಳಲ್ಲಿ ವೋಲ್ಟೇಜನ್ನು ಅಂಕಿಯಲ್ಲೇ ತೋರಿಸುವ ಸೌಲಭ್ಯ ಇರುತ್ತದೆ. ಮೋಟಾರು ಎಳೆಯುವಾಗ 36ರ ಪ್ಯಾಕ್ ಎರಡು ಮೂರು ವೋಲ್ಟ್ ಕುಸಿದು, ಬಿಟ್ಟ ಕೂಡಲೇ ಮೇಲೆ ಬಂದರೆ ಅದು ಸಹಜ. ಐದಕ್ಕಿಂತ ಹೆಚ್ಚು ಕುಸಿದರೆ, ಅಥವಾ ಐದು ಗೆರೆ ಏರಿನಲ್ಲಿ ಎರಡಾಗಿ ಸಮತಟ್ಟಿನಲ್ಲಿ ಮತ್ತೆ ಐದಾದರೆ, ಸೆಲ್ಲುಗಳು ಮುದಿಯಾಗಿವೆ. ಇನ್ನೂ ಅರ್ಧ ಚಾರ್ಜ್ ಇದೆ ಎಂದು ತೋರಿಸುತ್ತಲೇ ಮೋಟಾರು ದಢಕ್ಕನೆ ನಿಂತು, ಆಫ್ ಮಾಡಿ ಆನ್ ಮಾಡಿದಾಗ ಮತ್ತೆ ಓಡಿದರೆ ಹೆಚ್ಚಾಗಿ ಒಂದು ಗುಂಪು ಸೋತಿದೆ ಎಂದರ್ಥ. ಹತ್ತು ಜನ ಕೈಹಿಡಿದು ನಡೆಯುವಾಗ ಒಬ್ಬ ಕುಂಟಿದರೆ ಎಲ್ಲರೂ ನಿಲ್ಲಲೇಬೇಕಲ್ಲ, ಹಾಗೆ.

ಮೂರನೆಯದಕ್ಕೆ ತಾಳ್ಮೆ ಬೇಕು, ಆದರೆ ಸುಳ್ಳು ಹೇಳದ ಪರೀಕ್ಷೆ ಇದೇ. ಮೋಟಾರು ತಾನಾಗಿ ನಿಲ್ಲುವವರೆಗೆ ಬ್ಯಾಟರಿ ಇಳಿಸಿ, ಆಮೇಲೆ ಪೂರ್ತಿ ಚಾರ್ಜಾಗಲು ಎಷ್ಟು ಹೊತ್ತು ಬೇಕೆಂದು ನೋಡುವುದು. ಚಾರ್ಜರ್ ಲೇಬಲ್ಲಿನಲ್ಲಿ 42 ವೋಲ್ಟ್, 2 ಆಂಪ್ ಎಂದಿದೆ ಅನ್ನಿ. 10 ಆಂಪ್ ಅವರ್ (ಅಂದರೆ 1 ಆಂಪಿನಂತೆ 10 ಗಂಟೆ ಕೊಡುವ) ಪ್ಯಾಕಿಗೆ ಐದು ಗಂಟೆಯ ಮೇಲೆಯೇ ಹಿಡಿಯಬೇಕು. ಎರಡೂವರೆ ಗಂಟೆಗೆ ಹಸಿರು ದೀಪ ಬಂತೇ? ಎರಡನ್ನು ಎರಡೂವರೆಯಿಂದ ಗುಣಿಸಿ: ಒಳಗೆ ಹೋದದ್ದು ಹೆಚ್ಚೆಂದರೆ 5 ಆಂಪ್ ಅವರ್. ಅರ್ಧ ಬ್ಯಾಟರಿ ಸತ್ತಿದೆ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಚಾರ್ಜರಿನಲ್ಲಿ ನಷ್ಟವಾಗುವ ಹತ್ತು ಹದಿನೈದು ಶೇಕಡಾ ಕಳೆದರೆ ಒಳಗೆ ಹೋದ ವ್ಯಾಟ್ ಅವರ್, ಅಂದರೆ ವೋಲ್ಟನ್ನು ಆಂಪ್ ಅವರಿನಿಂದ ಗುಣಿಸಿದಷ್ಟು ಶಕ್ತಿ, ಸಿಗುತ್ತದೆ. ಅಷ್ಟು ಹೊತ್ತು ಕಾಯುವುದು ಆಗದಿದ್ದರೆ, ಚಾರ್ಜಿಗೆ ಹಾಕಿದಾಗ ಒಂದು, ಹಸಿರು ಬಂದಾಗ ಒಂದು, ಗಡಿಯಾರ ಕಾಣುವಂತೆ ಫೋಟೊ ಕಳಿಸಿ ಎಂದು ಕೇಳಿ. ಅದಕ್ಕೂ ಕೊಸರಾಡುವವರ ಬಳಿ ಚೌಕಾಸಿಗೆ ಕೂರಬೇಡಿ.

ಹಾಗೆಂದು ಸೊರಗಿದ ಬ್ಯಾಟರಿಯೆಲ್ಲ ದಂಡ ಅಲ್ಲ, ಅಗ್ಗಕ್ಕೆ ಕೊಳ್ಳುವವರಿಗೆ ಲಾಭ ಇರುವುದೂ ಇಲ್ಲೇ. 36 ವೋಲ್ಟ್, 10 ಆಂಪ್ ಅವರ್ ಎಂದರೆ ಹೊಸದರಲ್ಲಿ 360 ವ್ಯಾಟ್ ಅವರ್. ಪೆಡಲ್ ತುಳಿಯುತ್ತಾ ಹೋದರೆ ಕಿಲೋಮೀಟರಿಗೆ ಸುಮಾರು 10ರಿಂದ 12 ವ್ಯಾಟ್ ಅವರ್ ಖರ್ಚು, ತುಳಿಯದೆ ಬರೀ ಥ್ರಾಟಲ್ ತಿರುವಿದರೆ 15 ದಾಟುತ್ತದೆ. ದಿನಕ್ಕೆ ಹೋಗಿ ಬರಲು 16 ಕಿಲೋಮೀಟರ್, ತುಳಿಯುವ ಅಭ್ಯಾಸವೂ ಇದೆ ಎಂದರೆ ಬೇಕಾದದ್ದು 190 ಚಿಲ್ಲರೆ. ಶೇಕಡಾ 70ಕ್ಕೆ ಇಳಿದ ಪ್ಯಾಕಿನಲ್ಲೂ 250 ಇರುತ್ತದೆ, ಧಾರಾಳ ಸಾಕು. ಬ್ಯಾಟರಿ ಸೊರಗಿದೆ ಎಂದು ಬೆಲೆ ಇಳಿಸಿಕೊಳ್ಳಿ, ಮೇಲಿನ ಪರೀಕ್ಷೆಗಳಲ್ಲಿ ದಢಕ್ಕನೆ ನಿಲ್ಲದಿದ್ದರೆ ಕೊಳ್ಳಿ.

ಮುಟ್ಟಲೇಬಾರದ ಬ್ಯಾಟರಿಗಳೂ ಇವೆ. ವರ್ಷಗಟ್ಟಲೆ ಖಾಲಿ ಬಿಟ್ಟು, ಈಗ ಅಳೆದರೆ ಇಪ್ಪತ್ತು ವೋಲ್ಟ್ ತೋರಿಸುವ 36ರ ಪ್ಯಾಕ್ ಅಂಥದ್ದು. "ಒಮ್ಮೆ ಚಾರ್ಜಿಗೆ ಹಾಕಿ, ಎಚ್ಚರವಾಗುತ್ತದೆ" ಎನ್ನುತ್ತಾರೆ. ಸೆಲ್ ಅಷ್ಟು ಕೆಳಗಿಳಿದಾಗ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಅದು ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು, ಬೆಂಕಿಗೆ ಅಷ್ಟು ಸಾಕು. ಉಬ್ಬಿದ್ದು, ಬಿದ್ದು ಕೇಸ್ ಸೀಳಿದ್ದು, ಯಾರೋ ಬಿಚ್ಚಿ ಗೊತ್ತಿಲ್ಲದ ಸೆಲ್ ತುಂಬಿ ಟೇಪ್ ಸುತ್ತಿದ್ದು, ಇವನ್ನು ಪುಕ್ಕಟೆ ಕೊಟ್ಟರೂ ಮನೆಯೊಳಗೆ ತರಬೇಡಿ.

ಮೋಟಾರಿಗೆ ಬರೋಣ. ಬ್ಯಾಟರಿ ಕಳಚಿಟ್ಟು ಹಿಂದಿನ ಚಕ್ರ ಎತ್ತಿ, ಕೈಯಲ್ಲಿ ಹಿಂದುಮುಂದಾಗಿ ತಿರುಗಿಸಿ, ಪೆಡಲ್ ಕೂಡ ಜೊತೆಗೆ ಹಿಂದಕ್ಕೆ ಸುತ್ತುತ್ತದೆ, ಸುತ್ತಲಿ. ಗೇರ್ ಇರುವ ಹಬ್ ಮೋಟಾರು ಮುಂದಕ್ಕೆ ಸಲೀಸಾಗಿ ಓಡುತ್ತದೆ, ಏಕೆಂದರೆ ಒಳಗೆ ಒಂದು ಕ್ಲಚ್ ಇದೆ. ಹಿಂದಕ್ಕೆ ತಿರುಗಿಸಿದಾಗಲೇ ಮೋಟಾರು ಸೇರಿಕೊಳ್ಳುವುದು. ಎಲ್ಲ ಕಡೆ ಒಂದೇ ಸಮ ಸ್ವಲ್ಪ ಬಿಗಿ ಇದ್ದರೆ ಸರಿ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಜೋರಾಗಿ ಎಳೆದರೆ ಎಲ್ಲೋ ಶಾರ್ಟ್ ಇದೆ. ಆಗ ಮೋಟಾರಿನ ಕೇಬಲ್ ಕನೆಕ್ಟರ್ ಬಿಚ್ಚಿ ಮತ್ತೆ ತಿರುಗಿಸಿ. ಹಗುರವಾಯಿತೆಂದರೆ ತಪ್ಪು ಕಂಟ್ರೋಲರಿನದು, ರಿಪೇರಿ ಸುಲಭ. ಬಿಗಿ ಹಾಗೇ ಉಳಿದರೆ ಮೋಟಾರಿನ ಒಳಗೋ ಅದರ ಕೇಬಲ್ಲಿನಲ್ಲೋ ತೊಂದರೆ.

ಹೊರಡುವಾಗ ಮೋಟಾರು ಗುರ್ ಎಂದು ನಡುಗಿ ನಿಂತು, ತಳ್ಳಿದರೆ ಮಾತ್ರ ಓಡುವುದು ಹಾಲ್ ಸೆನ್ಸರ್ (ಮೋಟಾರು ಎಷ್ಟು ತಿರುಗಿದೆ ಎಂದು ಕಂಟ್ರೋಲರಿಗೆ ಹೇಳುವುದು) ಅಥವಾ ಒಂದು ಫೇಸ್ ವೈರ್ (ಮೋಟಾರಿಗೆ ಕರೆಂಟ್ ಒಯ್ಯುವ ಮೂರು ವೈರುಗಳಲ್ಲಿ ಒಂದು) ಕೈಕೊಟ್ಟ ಲಕ್ಷಣ. ಬಗ್ಗಿ ಅಚ್ಚಿನ ತುದಿ ನೋಡಿ: ಕೇಬಲ್ ಹೊರಬರುವ ಜಾಗದಲ್ಲಿ ರಬ್ಬರ್ ಸುಲಿದಿದೆಯೇ, ವೈರ್ ಮಡಿಸಿದಂತಿದೆಯೇ? ಸೈಕಲ್ ಮಗುಚಿದಾಗ ಏಟು ಬೀಳುವುದು ಅಲ್ಲಿಗೇ. ಅದೇ ಜಾಗದಲ್ಲಿ ಫ್ರೇಮಿನ ಸೀಳು ಅಗಲವಾಗಿದ್ದು, ಅಚ್ಚಿನ ಚಪ್ಪಟೆ ಬದಿಗೂ ಸೀಳಿಗೂ ನಡುವೆ ಸಂದು ಕಂಡರೆ ಅಚ್ಚು ತಿರುಗಿದೆ ಎಂದೇ ತಿಳಿಯಿರಿ. ನಟ್ಟು ಸಡಿಲವಿದ್ದು, ತಿರುಗದಂತೆ ಹಿಡಿಯುವ ವಾಷರ್ ಇಲ್ಲದೆ ಓಡಿಸಿದ ಫಲ ಅದು. ಫ್ರೇಮ್ ಕೆಟ್ಟ ಮೇಲೆ ಎಷ್ಟು ಅಗ್ಗವಾದರೂ ಬೇಡ.

ಮಿಡ್‌ಡ್ರೈವ್ ಆದರೆ ಚೈನ್ ಬೇಗ ಸವೆಯುತ್ತದೆ, ಮೋಟಾರಿನ ಎಳೆತವೆಲ್ಲ ಅದರ ಮೇಲೆಯೇ ತಾನೆ. ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಆಚೆಯ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ 304.8 ಮಿಲಿಮೀಟರ್. 307 ಮುಟ್ಟಿದ್ದರೆ ಚೈನಿನ ಜೊತೆ ಹಿಂದಿನ ಹಲ್ಲುಚಕ್ರಗಳೂ ಹೋಗಿರುವ ಸಂಭವ ಹೆಚ್ಚು, ಎರಡನ್ನೂ ಖರ್ಚಿಗೆ ಸೇರಿಸಿ. ಪೆಡಲ್ ತೋಳು ಹಿಡಿದು ಅಡ್ಡಡ್ಡ ಅಲುಗಿಸಿ, ಲಟಕ್ ಎಂದರೆ ಬೇರಿಂಗ್ ಹೋಗಿದೆ.

ಬ್ರೇಕ್ ಬಗ್ಗೆ ಉದಾಸೀನ ಬೇಡ, 20 ಕಿಲೋ ದಾಟುವ ಸೈಕಲ್ ಇದು. ಡಿಸ್ಕ್ ರೋಟರ್ ಹೊಸದರಲ್ಲಿ ಸಾಮಾನ್ಯವಾಗಿ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಬಂದರೆ ಬದಲಿಸುವ ಕಾಲ. ಬ್ರೇಕ್ ಲಿವರಿನಲ್ಲಿ ಸ್ವಿಚ್ ಇದ್ದರೆ ಹಿಡಿದ ಕೂಡಲೇ ಮೋಟಾರು ನಿಲ್ಲಬೇಕು. ಹಬ್ ಮೋಟಾರಿನ ಚಕ್ರದಲ್ಲಿ ಕಡ್ಡಿಗಳನ್ನು ಎರಡೆರಡಾಗಿ ಹಿಸುಕಿ ನೋಡಿ. ಒಂದು ಮುರಿದದ್ದು ಸಿಕ್ಕರೆ ಉಳಿದವೂ ದಣಿದಿರುತ್ತವೆ. ಕನೆಕ್ಟರ್ ಪಿನ್ನುಗಳಲ್ಲಿ ಹಸಿರು ಪುಡಿ ಕಂಡರೆ ಒಳಗೆ ನೀರು ಹೊಕ್ಕಿದೆ.

ದುಡ್ಡು ಕೊಡುವ ಮುನ್ನ ಬ್ಯಾಟರಿ ಬೀಗದ ಕೀಲಿ ಮತ್ತು ಅದೇ ಸೈಕಲ್ಲಿನ ಚಾರ್ಜರ್ ಎರಡೂ ಕೈಗೆ ಬರಲಿ. ಕೀಲಿ ಕಳೆದಿದೆ ಎನ್ನುವವರ ಮಾತಿನ ಹಿಂದೆ ಕಳ್ಳಮಾಲು ಇರಬಹುದು. ಫ್ರೇಮ್ ನಂಬರ್ ಉಜ್ಜಿ ಹಾಕಿಲ್ಲವೇ, ಬಿಲ್ಲಿನ ನಂಬರಿಗೆ ಹೊಂದುತ್ತದೆಯೇ ನೋಡಿ. ಆ್ಯಪ್ ಮೂಲಕ ಬೀಗ ಹಾಕುವ ಮಾದರಿಯಾದರೆ ಮಾರುವವರು ತಮ್ಮ ಖಾತೆಯಿಂದ ಸೈಕಲ್ಲನ್ನು ನಿಮ್ಮೆದುರೇ ತೆಗೆಯಬೇಕು. ಚಾರ್ಜರ್ ಬೇರೆಯದಾದರೆ ಪ್ಲಗ್ ಕೂಡುತ್ತದೆಂದು ಸಿಕ್ಕಿಸಬೇಡಿ. 48ರ ಚಾರ್ಜರಿನ ಪ್ಲಗ್ ಎಷ್ಟೋ ಸಲ 36ರ ಪ್ಯಾಕಿಗೂ ಸಲೀಸಾಗಿ ಕೂರುತ್ತದೆ, ಆದರೆ 42ಕ್ಕೆ ನಿಲ್ಲಬೇಕಾದ ಪ್ಯಾಕಿಗೆ 54.6 ನುಗ್ಗಿಸಲು ನೋಡುತ್ತದೆ, ತಡೆಯಲು ಉಳಿಯುವುದು ಬಿಎಂಎಸ್ ಒಂದೇ.