ಹೊರಗಿಡುವ ಪೆಟ್ಟಿಗೆ: ಬಣ್ಣ ಆಮೇಲೆ, ಮುಚ್ಚಳ ಮೊದಲು

ತಾರಸಿಗೋ ಅಂಗಳಕ್ಕೋ ಸಾಮಾನು ತುಂಬಿಡುವ ಪೆಟ್ಟಿಗೆ ಕೊಳ್ಳುವಾಗ ಕಣ್ಣು ಹೋಗುವುದು ಬಣ್ಣದ ಕಡೆಗೆ. ಮೊದಲು ಮುಚ್ಚಳ ಎತ್ತಿ ನೋಡಿ. ಅದರ ಅಂಚು ಪೆಟ್ಟಿಗೆಯ ಗೋಡೆಗಿಂತ ಒಂದೆರಡು ಸೆಂಟಿಮೀಟರ್ ಹೊರಚಾಚಿ ಕೆಳಕ್ಕೆ ಬಾಗಿರಬೇಕು, ಮೇಲ್ಮೈ ತುಸು ಇಳಿಜಾರಾಗಿರಬೇಕು. ಚಪ್ಪಟೆ ಮುಚ್ಚಳದ ಮೇಲೆ ನಿಂತ ನೀರು ಹಿಂಜ್ ಸಂದಿಯಲ್ಲಿ ಒಳಗಿಳಿಯುತ್ತದೆ.

ಒಂದು ಹನಿ ಮಳೆಯೂ ಒಳಗೆ ಬಾರದಿದ್ದರೂ ಪೆಟ್ಟಿಗೆಯಲ್ಲಿಟ್ಟ ಕುಶನ್‌ಗಳಿಗೆ ಬೂಷ್ಟು ಹಿಡಿಯುವುದುಂಟು. ಹಗಲು ಕಾದ ಒಳಗಿನ ತೇವದ ಗಾಳಿ ರಾತ್ರಿ ತಣಿದು ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುತ್ತದೆ, ಅದೇ ಕೆಳಗೆ ತೊಟ್ಟಿಕ್ಕುತ್ತದೆ. ಹಾಗಾಗಿ ಎರಡೂ ಬದಿಯಲ್ಲಿ, ಮುಚ್ಚಳದ ಅಂಚಿನ ಮರೆಯಲ್ಲಿ ಗಾಳಿಕಿಂಡಿ ಬೇಕು. ತಳ ನೆಲದಿಂದ 2-3 ಸೆಂಟಿಮೀಟರ್ ಮೇಲಿರಲಿ. ಪೂರ್ತಿ ಒಣಗದ ಕುಶನ್ ಒಳಗಿಟ್ಟರೆ ಮಾತ್ರ ಯಾವ ಕಿಂಡಿಯೂ ಕಾಪಾಡದು.

ಮರವೇ ಬೇಕೆಂದರೆ ತೇಗ. ಎಣ್ಣೆ ಹಚ್ಚದಿದ್ದರೆ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗುತ್ತದೆ. ಅದು ಕೊಳೆತವಲ್ಲ, ನೋಡಲೂ ಚೆಂದ. ಸ್ಕ್ರೂ ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ಸಾದಾ ಕಬ್ಬಿಣದ್ದಾದರೆ ಸುತ್ತ ಕಪ್ಪು ಕಲೆ ಹಬ್ಬುತ್ತದೆ. ಕಡಲ ಹತ್ತಿರ ಸಾಮಾನ್ಯ 304 ದರ್ಜೆಯ ಸ್ಟೇನ್‌ಲೆಸ್ಸೂ ಸಾಲದು, ಉಪ್ಪುಗಾಳಿಯನ್ನು ಹೆಚ್ಚು ತಾಳುವ 316 ಕೇಳಿ. ಪ್ಲಾಸ್ಟಿಕ್ ಆದರೆ ಯುವಿ (ಬಿಸಿಲಿನ ಅತಿನೇರಳೆ ಕಿರಣ) ನಿರೋಧಕ ಬೆರೆಸಿದ್ದೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲದ್ದು ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಪೌಡರ್ ಕೋಟಿಂಗ್ (ಪುಡಿಬಣ್ಣವನ್ನು ಕಾಯಿಸಿ ಕೂರಿಸಿದ ಲೇಪ) ಇರುವ ಅಲ್ಯುಮಿನಿಯಂ ಹಗುರ, ತುಕ್ಕಿನ ಕಾಟವಿಲ್ಲ. ಆದರೆ ಜೋರು ಗಾಳಿಗೆ ಖಾಲಿ ಪೆಟ್ಟಿಗೆ ಹಾರುತ್ತದೆ, ಗೋಡೆಗೆ ಬಿಗಿಯಿರಿ. ಲ್ಯಾಮಿನೇಟ್ ಅಂಟಿಸಿದ ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿದ ಹಲಗೆ) ಎಷ್ಟೇ ಅಂದವಾಗಿರಲಿ, ಹೊರಗೆ ಬೇಡ. ಅಂಚಿನಲ್ಲಿ ನೀರು ಹೀರಿ ಉಬ್ಬಿದರೆ ಮತ್ತೆ ಕುಗ್ಗುವುದಿಲ್ಲ.